ಅಮ್ಮನ ಟ್ರಂಕಿನಲ್ಲಿದ್ದ ರಬ್ಬರ್ ಬಿಲ್ಲೆ

ಹೋದ ತಿಂಗಳು ತೀರಿಕೊಂಡ ಅಮ್ಮನ ಟ್ರಂಕು ಖಾಲಿ ಮಾಡುವಾಗ ಸೀರೆಗಳ ಅಡಿಯಲ್ಲಿ ಒಂದು ಬಟ್ಟೆಯ ಗಂಟು ಸಿಕ್ಕಿತು. ಬಿಚ್ಚಿದೆ. ಅಂಗೈಯಗಲದ, ನಡುವೆ ಹರಿದುಹೋದ ಕಪ್ಪು ರಬ್ಬರ್ ಬಿಲ್ಲೆ. ಇಷ್ಟು ವರ್ಷವಾದರೂ ಅದರಲ್ಲಿ ಪೆಟ್ರೋಲಿನ ವಾಸನೆ ಉಳಿದಿತ್ತೋ, ನನ್ನ ಮೂಗಿಗೇ ಹಾಗನ್ನಿಸಿತೋ... ಮೇಸ್ತ್ರಿ ಕಣ್ಣ ಮುಂದೆ ಬಂದು ನಿಂತರು.

ಆಗ ನಮ್ಮ ಮನೆ ಚಾಮರಾಜಪೇಟೆಯಲ್ಲಿತ್ತು. ಅಲ್ಲಿಂದ ಎರಡು ರಸ್ತೆ ಆಚೆ ಅವರ ಕಾರು ರಿಪೇರಿ ಶೆಡ್ಡು. ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು, ನಾನೂ ಅಷ್ಟೇ. ಗಾಡಿ ತಂದರೆ ಅವರು ಮೊದಲು ಬಾನೆಟ್ ಎತ್ತುತ್ತಿರಲಿಲ್ಲ. ಸ್ಟೂಲು ಹಾಕಿ ಕೂರಿಸಿ, ಯಾವಾಗಿಂದ ಹೀಗೆ, ಎಲ್ಲೆಲ್ಲಿ ಹೋಗಿದ್ರಿ, ಎಷ್ಟು ಜನ ಕೂತಿದ್ರಿ ಅಂತ ಡಾಕ್ಟರ ಹಾಗೆ ಕೇಳುತ್ತಿದ್ದರು. ಅದೆಲ್ಲ ನನಗೆ ಹೊತ್ತು ಹಾಳು ಅನ್ನಿಸುತ್ತಿತ್ತು.

ನಮ್ಮ ವಂಶದಲ್ಲಿ ಮೊದಲು ಡಿಗ್ರಿ ಮಾಡಿದವನು ನಾನು. ಅಪ್ಪ ಅಕ್ಕಿಪೇಟೆಯಲ್ಲಿ ಮೂಟೆ ಹೊತ್ತು ಓದಿಸಿದ ಬಿ.ಎಸ್ಸಿ. ಸರ್ಕಾರಿ ಕೆಲಸ ಸಿಕ್ಕಿ, ತೊಂಬತ್ತರ ದಶಕದ ಕೊನೆಯಲ್ಲಿ ಒಂದು ಹಳೆಯ ಕಾರು ಕೊಂಡಾಗ, ಅದರ ಜೊತೆ ಬಂದ ಇಂಗ್ಲಿಷ್ ಮ್ಯಾನುಯಲ್ಲನ್ನು ಪರೀಕ್ಷೆಗೆ ಓದುವ ಹಾಗೆ ಓದಿದ್ದೆ.

ಆ ವರ್ಷ ಆಯುಧಪೂಜೆ ಕಳೆದು ಒಂದು ವಾರಕ್ಕೆ ಗಾಡಿಗೆ ರೋಗ ಶುರುವಾಯಿತು. ಚೆನ್ನಾಗಿ ಹೋಗುತ್ತಿರುವಾಗಲೇ ಎಳೆತ ಬಿದ್ದುಹೋಗುವುದು. ಆಕ್ಸಿಲರೇಟರ್ ಪೂರ್ತಿ ತುಳಿದರೂ ಮುಂದಕ್ಕೆ ನುಗ್ಗದೆ ಮುಲುಗುವುದು. ಸ್ವಲ್ಪ ಹೊತ್ತು ನಿಲ್ಲಿಸಿದರೆ ತಾನೇ ಸರಿಹೋಗುವುದು. ಒಂದು ದಿನ ಶೆಡ್ಡಿನ ಮುಂದೆ ಹಾಯುವಾಗ ಮೇಸ್ತ್ರಿ ಕೂಗಿದರು.

“ಸಾರ್, ಗಾಡಿ ಕೆಮ್ತಾ ಇದೆ. ಬಿಟ್ಟೋಗಿ, ನೋಡ್ತೀನಿ.”

“ಬೇಡ ಮೇಸ್ತ್ರಿ, ನಾನೇ ನೋಡ್ಕೋತೀನಿ. ಪುಸ್ತಕ ಇದೆ.”

“ಪುಸ್ತಕಾನಾ! ಹಂಗಾದ್ರೆ ಬಿಡಿ, ಫಸ್ಟ್ ಕ್ಲಾಸಲ್ಲಿ ಪಾಸಾಗತ್ತೆ,” ಅಂತ ನಕ್ಕರು.

ಪ್ಲಗ್ ಬದಲಿಸಿದೆ, ಫಿಲ್ಟರ್ ಬದಲಿಸಿದೆ, ಕಾರ್ಬುರೇಟರ್ ಬಿಚ್ಚಿ ತೊಳೆದೆ. ಪುಸ್ತಕದಲ್ಲಿ ಕಂಡಿದ್ದನ್ನೆಲ್ಲ ಮಾಡಿದೆ. ರೋಗ ಹೋಗಲಿಲ್ಲ.

ಒಂದು ಸಂಜೆ ಆಫೀಸಿನಿಂದ ಬಂದು ಕಾಲು ತೊಳೆಯುವಷ್ಟರಲ್ಲಿ ಅಪ್ಪ ಎದೆ ಹಿಡಿದುಕೊಂಡು ಕೂತರು. ಹಿಂದಿನ ಸೀಟಿನಲ್ಲಿ ಅಮ್ಮನ ತೊಡೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಹೊರಟೆ. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ಗಾಡಿ ಎಳೆಯುವುದನ್ನು ಬಿಟ್ಟಿತು. ತುಳಿದೆ... ತುಳಿಯುತ್ತಲೇ ಇದ್ದೆ. ಹಿಂದೆ ಹಾರ್ನುಗಳು. “ಹೋಗೋ, ಹೋಗೋ” ಅನ್ನುವ ಅಮ್ಮನ ದನಿ. ಆಟೋ ಸಿಕ್ಕಿ ಅಪ್ಪನನ್ನು ಎತ್ತಿ ಕೂರಿಸುವಾಗ ಅವರ ಕೈ ಆಗಲೇ ಜೋತುಬಿದ್ದಿತ್ತು. ಆ ಕಾಲು ಗಂಟೆ ಉಳಿದಿದ್ದರೆ ಬದುಕುತ್ತಿದ್ದರಾ ಅಂತ ಡಾಕ್ಟರನ್ನು ಕೇಳಿದೆ. ಅವರು ಭುಜ ತಟ್ಟಿದರು.

ತಿಥಿ ಮುಗಿಸಿ ಶೆಡ್ಡಿಗೆ ಹೋದೆ. ರಸ್ತೆಯಲ್ಲಿ ಬಿಟ್ಟಿದ್ದ ಗಾಡಿಯನ್ನು ಮೇಸ್ತ್ರಿಯೇ ತಂದಿಟ್ಟುಕೊಂಡಿದ್ದರು. ಸ್ಟೂಲು ಹಾಕಿದರು.

“ಪೆಟ್ರೋಲ್ ಹಾಕ್ಸಿದ ತಕ್ಷಣ ಹೆಂಗ್ ಹೋಗ್ತಿತ್ತು ಸಾರ್?”

ಯೋಚಿಸಿದೆ. ಬಂಕಿನಿಂದ ಹೊರಟಾಗಲೆಲ್ಲ ಚೆನ್ನಾಗೇ ಹೋಗುತ್ತಿತ್ತು. ಹಾಗಂದ ಕೂಡಲೇ ಅವರು ಎದ್ದರು. ನನ್ನನ್ನು ಕೂರಿಸಿಕೊಂಡು ಗಾಡಿ ಓಡಿಸಿದರು. ಎಳೆತ ಬಿದ್ದ ಕಡೆ ನಿಲ್ಲಿಸಿ, ಇಳಿದುಹೋಗಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ತಿರುಗಿಸಿದರು. ಟ್ಯಾಂಕು ಉಸ್ಸೆಂದು ಗಾಳಿ ಎಳೆದುಕೊಂಡಿತು.

ಆ ಮುಚ್ಚಳದಲ್ಲಿ ಸಾಸಿವೆಯಷ್ಟು ತೂತು. ಪೆಟ್ರೋಲ್ ಕಮ್ಮಿಯಾದ ಹಾಗೆ ಅದರಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪಂಪು ಎಷ್ಟು ಎಳೆದರೂ ಪೆಟ್ರೋಲ್ ಇಂಜಿನ್ನಿಗೆ ಬರುವುದಿಲ್ಲ. ತೂತಿನ ಮೇಲೆ ಗಂಧ, ಅರಿಸಿನ, ಕುಂಕುಮ ಒಣಗಿ ಗಟ್ಟಿಯಾಗಿ ಕೂತಿತ್ತು. ಆಯುಧಪೂಜೆಯ ದಿನ ಅಮ್ಮ ಚಕ್ರ, ದೀಪ, ಸ್ಟೇರಿಂಗು ಯಾವುದನ್ನೂ ಬಿಡದೆ ಹಚ್ಚಿದ್ದಳು. ಮಗನ ಕಾರು ಅಂತ ಗಂಧವನ್ನು ಎರಡು ಸಲ ತೇಯ್ದಿದ್ದಳು. ಬಂಕಿನಲ್ಲಿ ನಾನೂ ಎಷ್ಟೋ ಸಲ ನೋಡಿದ್ದೆ. ಕುಂಕುಮ ತಾನೇ...

ಮೇಸ್ತ್ರಿ ಪಿನ್ನಿನಿಂದ ಕೆರೆದು ಊದಿದರು. ನನ್ನ ಮುಖ ನೋಡದೆ ಹೇಳಿದರು. “ಮನೇಲಿ ಹೇಳ್ಬೇಡಿ ಸಾರ್. ಪಂಪು ಹೋಗಿತ್ತು ಅನ್ನಿ.”

ನಾನು ಹೇಳಿಬಿಟ್ಟೆ. ಗಾಡಿಗೇನಾಗಿತ್ತಂತೋ ಅಂತ ಅಮ್ಮ ಕೇಳಿದಳು. ಓದಿದವನು ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಅಂದುಕೊಂಡಿದ್ದವನು ನಾನು. ತೂತು, ಗಾಳಿ, ಕುಂಕುಮ ಎಲ್ಲ ಬಿಡಿಸಿ ಹೇಳಿದೆ. “ನಾನಾ?” ಅಂದಳು. ಅಷ್ಟೇ.

ಮರುದಿನ ಅವಳೊಬ್ಬಳೇ ಶೆಡ್ಡಿಗೆ ನಡೆದುಹೋದಳು. ಬರುವಾಗ ಕೈಯಲ್ಲಿ ಈ ಬಿಲ್ಲೆ.

“ಕುಂಕುಮಕ್ಕೆಲ್ಲ ಗಾಡಿ ನಿಂತ್ರೆ ಬೆಂಗ್ಳೂರಲ್ಲಿ ಒಂದು ಗಾಡೀನೂ ಓಡಲ್ಲಮ್ಮ ಅಂದ್ರು ಕಣೋ ಮೇಸ್ತ್ರಿ. ನಿಮ್ಮಗ ಓದಿರೋದು ಜಾಸ್ತಿ, ಗಾಡಿ ಗೊತ್ತಿರೋದು ಕಮ್ಮಿ ಅಂದ್ರು. ಪಂಪಿನ ಒಳಗೆ ಈ ರಬ್ಬರ್ ಹರಿದೋಗಿತ್ತಂತೆ. ಹೌದೇನೋ?”

ನೋಡಿದೆ. ನಮ್ಮ ಗಾಡಿಯದಲ್ಲ. ಇನ್ಯಾವುದೋ ದೊಡ್ಡ ಗಾಡಿಯದು. ಅಮ್ಮ ನನ್ನ ಬಾಯನ್ನೇ ನೋಡುತ್ತಿದ್ದಳು. ಕೊನೆಗೆ “ಹೂಂ” ಅಂದೆ. ಆಗಲೇ ತಡವಾಗಿತ್ತು. ಬಿಲ್ಲೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋದಳು. ಆಮೇಲೆ ಆ ಕಾರು ಹತ್ತಲೇ ಇಲ್ಲ.

ನಾನು ಶೆಡ್ಡಿಗೆ ಹೋಗಿ ರೇಗಿದೆ. ಸುಳ್ಳು ಯಾಕೆ ಹೇಳಿದಿರಿ ಅಂದೆ.

“ನೀವು ಹೇಳಿದ್ದು ನಿಜಾನೇ ಸಾರ್. ಆಯಮ್ಮ ಅದನ್ನ ಇಟ್ಕೊಂಡು ಏನ್ ಮಾಡ್ಬೇಕು?” ಅಂದು, ಕೈ ಒರೆಸಿಕೊಂಡು ಇನ್ನೊಂದು ಗಾಡಿಯ ಕೆಳಗೆ ತೂರಿದರು. ಮುಂದಿನ ವರ್ಷ ಕಾರು ಮಾರಿದೆ. ಆ ರಸ್ತೆಯಲ್ಲಿ ಹೋಗುವುದನ್ನೇ ಬಿಟ್ಟೆ.

ಬಿಲ್ಲೆ ಸಿಕ್ಕ ಮೇಲೆ ಮತ್ತೆ ಅಲ್ಲಿಗೆ ಹೋಗಿದ್ದೆ. ಶೆಡ್ಡಿದ್ದ ಕಡೆ ಅಪಾರ್ಟ್‌ಮೆಂಟ್ ಎದ್ದಿದೆ. “ಮೇಸ್ತ್ರಿನಾ? ಅವ್ರು ಹೋಗಿ ಏಳೆಂಟು ವರ್ಷ ಆಯ್ತಲ್ಲ ಸಾರ್,” ಅಂದಳು ಮೂಲೆಯಲ್ಲಿ ಹೂ ಕಟ್ಟುತ್ತಿದ್ದಾಕೆ.

ಅಮ್ಮನಿಗೆ ಎಲ್ಲ ನಿಜ ಹೇಳಿದ ಆ ಸಂಜೆ ಒಂದೇ ಒಂದು ಮಾತು ಬಿಟ್ಟಿದ್ದೆ. ಮೇಸ್ತ್ರಿ ಗಾಡಿ ಬಿಟ್ಟುಹೋಗಿ ಅಂದಿದ್ದರು, ನಾನು ಬಿಟ್ಟಿರಲಿಲ್ಲ. ಅಮ್ಮ ಶೆಡ್ಡಿಗೆ ಹೋದಾಗ ಮೇಸ್ತ್ರಿಯೂ ಅದನ್ನು ಹೇಳಲಿಲ್ಲ. ನನ್ನ ಮುಂದೆಯೂ ಒಂದು ಸಲವೂ ಎತ್ತಿ ಆಡಲಿಲ್ಲ.

ನಾನು ಯಾರಿಗೆ ಹೇಳಬೇಕಾಗಿತ್ತೋ ಆ ಇಬ್ಬರೂ ಈಗಿಲ್ಲ. ಬಿಲ್ಲೆಯನ್ನು ಜೇಬಿನಲ್ಲಿಟ್ಟುಕೊಂಡು, ಎನ್.ಆರ್. ಕಾಲೋನಿಯ ಈಗಿನ ಮನೆಗೆ ಬುಲ್ ಟೆಂಪಲ್ ರಸ್ತೆಯ ಏರು ಹತ್ತಿ ನಡೆದೇ ಬಂದೆ.