ಕಾಸಿಂ ಇಟ್ಟ ಹೊಸ ದಿಮ್ಮಿ

ಅಮೆರಿಕದ ವೆಸ್ಟ್ ವಿಂಡ್ಸರ್‌ನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಹಳೆಯ ಮರದ ಮನೆಯೊಂದರ ಗೋಡೆಗೆ ಕಿವಿಯಿಟ್ಟು ಕಾಸಿಂ ಕೊಡತಿಯಿಂದ ಮೆಲ್ಲಗೆ ಬಡಿಯುತ್ತಿದ್ದಾರೆ. ಗಟ್ಟಿ ಸದ್ದು ಬಂದರೆ ಮುಂದಿನ ದಿಮ್ಮಿಗೆ ಹೋಗುತ್ತಾರೆ. ಟೊಳ್ಳು ಸದ್ದು ಬಂದರೆ ಒಳಗೆ ಗೆದ್ದಲು ತಿಂದಿದೆ ಎಂದರ್ಥ. "ಮೇಲ್ನೋಟಕ್ಕೆ ಎಲ್ಲಾ ಚೆನ್ನಾಗೇ ಇರುತ್ತೆ ಮೇಡಂ. ನಾನು ಯಾವ ಮರಾನೂ ನಂಬಲ್ಲ," ಎಂದು ವರದಿಗೆ ಬಂದ ನನಗೆ ಹೇಳುತ್ತಾರೆ.

ರಸ್ತೆಯಂಚಿಗೆ ಒಂದು ಕಾರು ನಿಂತಿದೆ. ಅದರೊಳಗೆ ಕುಳಿತವರು ಕಾಫಿ ಹೀರುತ್ತಾ ಕಾಸಿಂ ಅವರ ಕೈಯನ್ನೇ ನೋಡುತ್ತಿದ್ದಾರೆ. ಅವರು ಈ ಜಾಗದ ಮಾಲೀಕ, ಧಾರವಾಡದ ಶಶಿಧರ.

ದಿಮ್ಮಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿದ ಇಂಥ ಮನೆಗಳನ್ನು ಬಿಚ್ಚಿ, ಬೇರೆಡೆ ಸಾಗಿಸಿ, ಇದ್ದ ಹಾಗೆಯೇ ನಿಲ್ಲಿಸುವುದು ಐವತ್ತೆಂಟರ ಕಾಸಿಂ ಅವರ ಕೆಲಸ. ಮೊದಲು ಚಾವಣಿ ಇಳಿಯಬೇಕು, ತಳದ ದಿಮ್ಮಿ ಕೊನೆಗೆ. ಪ್ರತಿಯೊಂದಕ್ಕೂ ನಂಬರಿನ ಬಿಲ್ಲೆ. ದಿನಕ್ಕೆ ಆರು ದಿಮ್ಮಿ ಬಿಚ್ಚಿದರೆ ಹೆಚ್ಚು.

ಇಲ್ಲಿ ಹೊಸ ಮನೆ ಕಟ್ಟಲು ಶಶಿಧರರಿಗೆ ಪರ್ಮಿಟ್ ಸಿಕ್ಕಿದ್ದು ಒಂದು ಷರತ್ತಿನ ಮೇಲೆ. ಹಳೆಯ ಮನೆಯನ್ನು ಒಡೆಯುವಂತಿಲ್ಲ, ಇಡಿಯಾಗಿ ಊರ ಪಾರ್ಕಿಗೆ ಒಪ್ಪಿಸಬೇಕು. ಕಳೆದ ಸೋಮವಾರ ನೋಡಿದರೆ, ಬಿಚ್ಚಿಟ್ಟಿದ್ದ ಬಾಗಿಲ ಮೇಲಿನ ದಿಮ್ಮಿಯೇ ಇಲ್ಲ. ಇಷ್ಟು ಹಳೆಯ ಓಕ್ ಮರಕ್ಕೆ ಮೇಜು ಮಾಡುವವರಲ್ಲಿ ಭಾರೀ ಬೇಡಿಕೆಯಿದೆ.

"ಎಲ್ಲಿ ಹೋತ್ರಿ ಅದು?" ಎಂದು ಶಶಿಧರ ಕೇಳಿದ್ದರು.

"ಶನಿವಾರ ಟಾರ್ಪಾಲ್ ಮುಚ್ಚಿ ಹೋಗಿದ್ದೆ ಸಾರ್. ಇವತ್ತು ಬಂದ್ರೆ ಇಲ್ಲ."

"ನಿಮ್ಮ ವ್ಯಾನ್ ಒಂದ್ಸಲ ತೆಗೀರಿ."

ಕಾಸಿಂ ವ್ಯಾನಿನ ಬಾಗಿಲು ತೆರೆದರು. ಒಳಗಿದ್ದದ್ದು ಉಳಿ, ಹಗ್ಗ, ನಮಾಜಿನ ಚಾಪೆ, ಊಟದ ಡಬ್ಬಿ. ಕಾರು ದಿನಾ ಬಂದು ನಿಲ್ಲತೊಡಗಿದ್ದು ಆ ಮರುದಿನದಿಂದ.

ಮೈಸೂರಿನ ಸಾಮಿಲ್ಲಿನಲ್ಲಿ ತಂದೆಯ ಜೊತೆ ಕೆಲಸ ಕಲಿತ ಕಾಸಿಂ, ನರ್ಸ್ ಆಗಿದ್ದ ಹೆಂಡತಿ ಆಯಿಷಾ ಜೊತೆ ಇಲ್ಲಿಗೆ ಬಂದವರು. ಓಲ್ಡ್ ಬ್ರಿಡ್ಜ್ ಎಂಬ ಊರಿನ ಅಂಗಡಿಯೊಂದರಲ್ಲಿ ಮೂಟೆ ಹೊತ್ತು, ಆಮೇಲೆ ಹಳೆ ಕಟ್ಟಡ ಬಿಚ್ಚುವ ಕಂಟ್ರಾಕ್ಟರ್ ಬಳಿ ಸೇರಿದರು. ಖಾಲಿ ಮನೆಯ ಮುಂದೆ ವ್ಯಾನ್ ನಿಲ್ಲಿಸಿದಾಗ ಅಕ್ಕಪಕ್ಕದವರು ಪೊಲೀಸರಿಗೆ ಫೋನ್ ಮಾಡಿದ್ದೂ ಉಂಟು. "ಈ ಕೆಲಸ ಬಿಟ್ಟು ಬನ್ನಿ ಅಂದೆ. ಕಳ್ಳನ ಹಾಗೆ ನೋಡಿಸ್ಕೊಂಡು ಯಾಕೆ ಮಾಡ್ಬೇಕು?" ಎಂದು ಆಯಿಷಾ ಸಿಟ್ಟಾಗುತ್ತಾರೆ. ಕಾಸಿಂ ಉತ್ತರ ಬೇರೆ. "ಈಗ ಬಿಟ್ರೆ, ನಾನೇ ತಗೊಂಡೆ ಅಂತ ಆಗಲ್ವಾ?"

ನನ್ನ ಮನಸ್ಸಿನಲ್ಲೂ ಅನುಮಾನ ಸುಳಿಯದೆ ಇರಲಿಲ್ಲ. ನೇರವಾಗಿ ಕೇಳಿಯೇಬಿಟ್ಟೆ, ನೀವು ತೆಗೆದುಕೊಂಡಿರಾ?

ಅವರು ಕೊಡತಿ ಕೆಳಗಿಟ್ಟರು. "ಇಲ್ಲ. ಕೇಳಿದ್ದು ಒಳ್ಳೇದಾಯ್ತು ಬಿಡಿ. ಕೇಳ್ದೆ ನೋಡೋರದ್ದೇ ಕಷ್ಟ."

ಆ ವಾರದ ಕೊನೆಗೆ ಪಕ್ಕದ ಮನೆಯ ಕ್ಯಾಮೆರಾದಲ್ಲಿ ಒಂದು ದೃಶ್ಯ ಸಿಕ್ಕಿತು. ಭಾನುವಾರ ಬೆಳಗಿನ ಮಂಜಿನಲ್ಲಿ ಒಂದು ಪಿಕಪ್ ಟ್ರಕ್, ಇಬ್ಬರು ಗಂಡಸರು. ಮುಖವೂ ಕಾಣದು, ನಂಬರ್ ಪ್ಲೇಟೂ ಕಾಣದು. ಶಶಿಧರ ಫೋನು ಹಿಡಿದು ಬಂದು ಅದನ್ನು ಕಾಸಿಂಗೆ ತೋರಿಸಿದರು. "ಇವ್ರು ನಿಮಗ ಪರಿಚಯದವ್ರಲ್ಲ ಅಲ್ರಿ?"

"ಅಲ್ಲ ಸಾರ್. ಇನ್ನೊಂದ್ಸಲ ಕೇಳಿದ್ರೂ ಅಲ್ಲ ಅಂತೀನಿ."

ದಿಮ್ಮಿ ಸಿಗಲೇ ಇಲ್ಲ. ಹೊಸ ಓಕ್ ತಂದು, ಮೂಲೆಗಳಲ್ಲಿ ಹಳೆಯದರ ಹಾಗೆಯೇ ಕಚ್ಚು ಕೊರೆದು, ಕಾಸಿಂ ಬಾಗಿಲ ಮೇಲೆ ಕೂರಿಸಿದ್ದಾರೆ. ಕೆಲವು ವಾರಗಳ ನಂತರ, ಈಗ ಪಾರ್ಕಿನಲ್ಲಿ ಮನೆ ಮತ್ತೆ ನಿಂತಿದೆ. ಕಪ್ಪಾದ ದಿಮ್ಮಿಗಳ ನಡುವೆ ಆ ಒಂದು ಮಾತ್ರ ಎಳೆ ಹಳದಿ ಬಣ್ಣದಲ್ಲಿ ಎದ್ದು ಕಾಣುತ್ತದೆ.

ಅದನ್ನು ನೋಡಿದ ಶಶಿಧರರಿಗೆ ಕಸಿವಿಸಿ. "ಒಂದೀಟು ಕಪ್ಪು ಬಣ್ಣದ ಸ್ಟೇನ್ ಹಚ್ಚಿಬಿಡ್ರಿ ಕಾಸಿಂ ಭಾಯ್. ಹಳೇದರಂಗ ಕಂಡ್ರ ಯಾರೂ ಏನೂ ಕೇಳೂದಿಲ್ಲ."

"ಬೇಡ ಸಾರ್. ಕೇಳ್ಲಿ."

ಶಶಿಧರ ಒತ್ತಾಯಿಸಲಿಲ್ಲ. ಅವರು ಹೋದ ಮೇಲೆ ಕಾಸಿಂ ಏಣಿ ಮಡಚುತ್ತಾ ನನ್ನ ಕಡೆ ತಿರುಗುತ್ತಾರೆ.

"ಕಳುವಾಗಿರೋದ್ರ ಜಾಗದಲ್ಲಿ ನಾನು ಇಟ್ಟಿದ್ದು ಇದು ಅಂತ ದೂರದಿಂದ್ಲೇ ಕಾಣ್ಬೇಕು ಮೇಡಂ. ಮಳೆ ಬಿಸಿಲಿಗೆ ಅದು ನಿಧಾನಕ್ಕೆ ತಾನೇ ಕಪ್ಪಾಗುತ್ತೆ. ನಾನ್ಯಾಕೆ ಅವಸರ ಮಾಡ್ಲಿ?"