ಇಲ್ಲದ ಬ್ರೇಕ್ ಒತ್ತುತ್ತಿದ್ದ ಅಂಕಲ್

ಅಂಕಲ್ ಅವರ ಬಲಗಾಲಿನ ಬೂಟು ಎಡಗಾಲಿನದಕ್ಕಿಂತ ಮೊದಲು ಸವೆಯುತ್ತಿತ್ತು. ನನ್ನ ಕಾರಿನಲ್ಲಿ ಅವರು ಕೂರುತ್ತಿದ್ದ ಪಕ್ಕದ ಸೀಟಿನ ಮುಂದೆ, ಮ್ಯಾಟಿನ ಬಲಗಡೆಗೆ, ಈಗಲೂ ಒಂದು ಕುಳಿ ಇದೆ. ನನಗೆ ಡ್ರೈವಿಂಗ್ ಕಲಿಸುವಾಗ ಅಲ್ಲಿ ಇಲ್ಲದ ಬ್ರೇಕನ್ನು ಅವರು ಅಷ್ಟು ಜೋರಾಗಿ ಒತ್ತುತ್ತಿದ್ದರು. ಸ್ಟಾಪ್ ಸೈನ್ ಬಂದರೆ ಒಂದು ಒತ್ತು, ಮುಂದಿನ ಕಾರಿನ ಕೆಂಪು ದೀಪ ಕಂಡರೆ ಇನ್ನೊಂದು. ಬಾಯಲ್ಲಿ ಮಾತ್ರ ಮೈಸೂರಿನ ನಯ. "ಕನ್ನಡಿ ನೋಡಮ್ಮ, ಕನ್ನಡಿ. ನಿನ್ನ ಮುಖ ಅಲ್ಲ, ಹಿಂದೆ ಬರೋ ಟ್ರಕ್ಕು."

ವುಡ್‌ರಿಡ್ಜ್, ಡೌನರ್ಸ್ ಗ್ರೋವ್ ಕಡೆಗೆ ಹೊಸದಾಗಿ ಬಂದ ನಮ್ಮಂಥ ಹೆಂಗಸರಿಗೆಲ್ಲ ಗುರು ಅವರೇ. ಇಲ್ಲಿಂದ ಐದು ಗಂಟೆ ದಾರಿಯ ಮಿಶಿಗನ್ನಿನ ಸೌತ್‌ಫೀಲ್ಡಿನಲ್ಲಿ ಇಪ್ಪತ್ತು ವರ್ಷ ಎಂಜಿನಿಯರ್ ಆಗಿದ್ದು, ನಿವೃತ್ತರಾದ ಮೇಲೆ ಮಗಳಿಗೆ ಹತ್ತಿರವಿರಲೆಂದು ಡೌನರ್ಸ್ ಗ್ರೋವ್‌ಗೆ ಬಂದಿದ್ದರು. ಅವರದು ಎರಡೇ ಕಾನೂನು. ಫೋನು ಗ್ಲವ್ ಬಾಕ್ಸಿನಲ್ಲಿರಬೇಕು. ದೂರದ ಪ್ರಯಾಣಕ್ಕೆ ಹೊರಡುವಾಗ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಡಬೇಕು. ಮೊದಲನೆಯದು ವಿಜ್ಞಾನ, ಎರಡನೆಯದು ಇನ್ಶೂರೆನ್ಸ್ ಅನ್ನುತ್ತಿದ್ದರು.

ನಾಲ್ಕು ವರ್ಷ ಮನೆಯಲ್ಲೇ ಕೂತಿದ್ದ ನನಗೆ ವರ್ಕ್ ಪರ್ಮಿಟ್ ಬಂದ ಮೇಲೆ ಸಿಕ್ಕ ಮೊದಲ ಇಂಟರ್‌ವ್ಯೂ ಸೌತ್‌ಫೀಲ್ಡಿನಲ್ಲಿತ್ತು. ಗಂಡನಿಗೆ ರಜೆ ಇಲ್ಲ. ನನ್ನ ಹತ್ತಿರ ಲೈಸೆನ್ಸ್ ಇತ್ತು, ಹೈವೇಗೆ ಬೇಕಾದ ಧೈರ್ಯ ಇರಲಿಲ್ಲ. "ನೀನೇ ಡ್ರೈವ್ ಮಾಡು, ನಾನು ಪಕ್ಕದಲ್ಲಿ ಕೂತಿರ್ತೀನಿ. ನಿಮ್ಮ ಆಂಟೀನೂ ಬರ್ಲಿ," ಎಂದರು ಅಂಕಲ್. ಹಿಂದಿನ ದಿನ ಮಧ್ಯಾಹ್ನವೇ ನಿಂಬೆಹಣ್ಣುಗಳ ಮೇಲೆ ಚಕ್ರ ಹತ್ತಿಸಿ ಹೊರಟೆವು. ಆಂಟಿ ಪುಳಿಯೋಗರೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ನಿದ್ದೆ ಹೋದರು.

ಮಿಶಿಗನ್ ಗಡಿ ದಾಟಿ ಸ್ವಲ್ಪ ದೂರ ಹೋಗಿದ್ದೆವು. "ಇಲ್ಲಿ ಎಕ್ಸಿಟ್ ತಗೋ," ಎಂದರು. ಯಾಕೆಂದು ನಾನು ಕೇಳಲಿಲ್ಲ. ಮಗಳನ್ನು ನೋಡಲು ಅವರು ವರ್ಷಗಟ್ಟಲೆ ಓಡಾಡಿದ ದಾರಿ ಅದು. ಆಮೇಲೆ ಎಡಕ್ಕೆ, ಮತ್ತೆ ಎಡಕ್ಕೆ, ಬಲಕ್ಕೆ. ಎತ್ತ ನೋಡಿದರೂ ದ್ರಾಕ್ಷಿ ತೋಟ. ಒಂದೇ ಕೆಂಪು ಕೊಟ್ಟಿಗೆ ಮೂರು ಸಲ ಎದುರಾಯಿತು. ಫೋನ್ ತೆಗೆಯಲೇ ಎಂದರೆ, "ಬೇಡಮ್ಮ, ದಾರಿ ಕಣ್ಣಲ್ಲಿರಬೇಕು," ಎಂದರು. ಬೆಳಗಾದರೆ ಹನ್ನೊಂದಕ್ಕೆ ಇಂಟರ್‌ವ್ಯೂ, ನಾನಿಲ್ಲಿ ದ್ರಾಕ್ಷಿ ಬಳ್ಳಿಗಳಿಗೆ ಪ್ರದಕ್ಷಿಣೆ ಹಾಕುತ್ತಿದ್ದೇನೆ. ಅಷ್ಟರಲ್ಲೂ ಒಂದು ವಿಷಯ ಕಣ್ಣಿಗೆ ಬಿತ್ತು: ಅವರ ಬಲಗಾಲು ಸುಮ್ಮನಿತ್ತು. ಅಡ್ಡರಸ್ತೆ ಬಂದಾಗಲೂ ಒತ್ತಲಿಲ್ಲ.

ಹೊತ್ತು ಮುಳುಗುವಾಗ ಒಂದು ಪುಟ್ಟ ಹೋಟೆಲು ಸಿಕ್ಕಿತು. ಬೋರ್ಡಿನ ಮೇಲೆ ಆಲಿವ್ ತೋಪು ಎಂದು ಬರೆದಿತ್ತು. ಮಿಶಿಗನ್ನಿನ ಚಳಿಯಲ್ಲಿ ಆಲಿವ್ ಹೇಗೆ ಬದುಕಬೇಕು? ತೋಪೆಂದರೆ ಅಂಗಳದಲ್ಲಿ ಹನ್ನೆರಡು ದೊಡ್ಡ ಕುಂಡ, ಪ್ರತಿಯೊಂದಕ್ಕೂ ಚಕ್ರ. ಹಿಮ ಬೀಳುವ ಮೊದಲು ಒಳಗೆ ತಳ್ಳಿಕೊಳ್ಳುತ್ತೇವೆ ಎಂದರು ಬಿಳಿಕೂದಲಿನ ಯಜಮಾನಿ. ಅಂಕಲ್‌ಗೆ ಖುಷಿಯೋ ಖುಷಿ. "ನೋಡಮ್ಮ, ಈ ಮರಗಳಿಗೂ ಲೈಸೆನ್ಸ್ ಬೇಕು." ನನಗೆ ನಗು ಬರಲಿಲ್ಲ, ಮೈಯೆಲ್ಲ ಉರಿಯಿತು. ರೂಮಿಗೆ ಹೋಗಿ ಫೋನ್ ನೋಡಿದರೆ ಹೈವೇ ಹದಿನೆಂಟು ಮೈಲಿ ಆಚೆಗಿತ್ತು. ಹೋಟೆಲಿನ ಕಾಗದದ ಮೇಲೆ ಒಂದೊಂದೇ ತಿರುವು ಬರೆದುಕೊಂಡು ಮಲಗಿದೆ.

ಬೆಳಿಗ್ಗೆ ಕೆಳಗಿಳಿದು ಬಂದರೆ ಅಂಕಲ್ ಯಜಮಾನಿಯ ಹತ್ತಿರ ನಿಂಬೆಹಣ್ಣು ಕೇಳುತ್ತಿದ್ದರು. ಇರಲಿಲ್ಲ. ಆಕೆ ಉಪ್ಪುನೀರಿನಲ್ಲಿ ಹಾಕಿಟ್ಟ ಆಲಿವ್ ಕಾಯಿಗಳ ಬಾಟಲಿ ತಂದುಕೊಟ್ಟರು. ಅಂಕಲ್ ಅದರಲ್ಲೇ ನಾಲ್ಕು ಹಸಿರು ಕಾಯಿ ಆರಿಸಿ, ನೀರು ತೊಟ್ಟಿಕ್ಕುತ್ತಿದ್ದಂತೆ ಬಗ್ಗಿ ಬಗ್ಗಿ ಚಕ್ರಗಳ ಕೆಳಗಿಟ್ಟರು. ಯಜಮಾನಿ ಬಾಗಿಲಲ್ಲಿ ನಿಂತು ಪಿಳಿಪಿಳಿ ನೋಡಿದರು.

"ನಿನ್ನೆ ತಾನೇ ನಿಂಬೆಹಣ್ಣು ಇಟ್ಟಿದ್ವಲ್ಲ ಅಂಕಲ್?"

"ಅದು ನಿನ್ನೆ ದಾರಿಗೆ," ಎಂದರು.

ನಿನ್ನೆ ಇಟ್ಟದ್ದನ್ನು ಮರೆತಿದ್ದರೋ, ನನ್ನನ್ನು ಆಡಿಸುತ್ತಿದ್ದರೋ ತಿಳಿಯಲಿಲ್ಲ. "ಇವತ್ತು ದಾರಿ ನೀನೇ ನೋಡ್ಕೋ, ನಾನು ಬಾಯಿ ಬಿಡಲ್ಲ," ಎಂದು ಕೂತರು. ಬಿಡಲೂ ಇಲ್ಲ. ನಾನೇ ಎಕ್ಸಿಟ್‌ಗಳನ್ನು ಓದಿಕೊಳ್ಳುತ್ತ ಹತ್ತೂವರೆಗೆ ಸೌತ್‌ಫೀಲ್ಡ್ ಮುಟ್ಟಿದೆ. ಕೆಲಸ ಸಿಕ್ಕಿತು; ತಿಂಗಳಿಗೊಮ್ಮೆ ಅಲ್ಲಿಗೆ ಹೋದರೆ ಸಾಕು, ಉಳಿದದ್ದು ಮನೆಯಿಂದಲೇ.

ಅಂದಿನಿಂದ ತಲೆ ಕೊರೆಯುತ್ತಿರುವುದು ಒಂದೇ ಪ್ರಶ್ನೆ. ನನಗೆ ಧೈರ್ಯ ಬರಲೆಂದು ಬೇಕಂತಲೇ ದಾರಿ ತಪ್ಪಿಸಿದರೋ, ಅವರಿಗೇ ದಾರಿ ಮರೆತಿತ್ತೋ? ಬೇಕಂತಲೇ ಎಂದುಕೊಂಡ ದಿನ ನಗು ಬರುತ್ತದೆ. ಮರೆತಿದ್ದರು ಎಂದುಕೊಂಡ ದಿನ, ಅವರ ಮೇಲೆ ಮನಸ್ಸಿನಲ್ಲೇ ಸಿಡುಕಿದ್ದಕ್ಕೆ ನಾಚಿಕೆಯಾಗುತ್ತದೆ. ಆಂಟಿಯನ್ನು ಕೇಳಿದೆ. "ನಂಗೂ ಹೇಳಿಲ್ಲಮ್ಮ. ನಾನು ನಿದ್ದೆ ಮಾಡ್ತಿದ್ನಲ್ಲ," ಎಂದು ಒಲೆಯ ಕಡೆ ತಿರುಗಿಕೊಂಡರು.

ಎರಡು ವರ್ಷದಲ್ಲಿ ಅಂಕಲ್ ಅವರ ಮರೆವು ಊರಿಗೆಲ್ಲ ಕಾಣುವಷ್ಟಾಯಿತು. ಮಗಳು ಕಾರಿನ ಕೀ ತೆಗೆದಿಟ್ಟಳು. ಶನಿವಾರಗಳಂದು ನಾನು ಅವರನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿಬರುತ್ತಿದ್ದೆ. ನನ್ನ ಹೆಸರು ಅವರ ನೆನಪಿನಿಂದ ಹೋಗಿತ್ತು. ಏಕವಚನದಲ್ಲಿ ಮಾತಾಡಿಸುತ್ತಿದ್ದವರು 'ನೀವು' ಎನ್ನತೊಡಗಿದ್ದರು. ಆ ಮರ್ಯಾದೆಯಷ್ಟು ನನ್ನನ್ನು ನೋಯಿಸಿದ ಬೈಗುಳ ಇನ್ನೊಂದಿಲ್ಲ. ಬಲಗಾಲು ಮಾತ್ರ ಏನನ್ನೂ ಮರೆತಿರಲಿಲ್ಲ, ಪ್ರತಿ ಸ್ಟಾಪ್ ಸೈನಿಗೂ ಒತ್ತುತ್ತಿತ್ತು. ಹಾಗಿದ್ದರೆ ಅವತ್ತು ದ್ರಾಕ್ಷಿ ತೋಟದಲ್ಲಿ ಅದು ಯಾಕೆ ಸುಮ್ಮನಿತ್ತು?

ಅವರು ಹೋದದ್ದು ಕಳೆದ ಚಳಿಗಾಲ. ಅದಕ್ಕೆ ಎರಡು ವಾರ ಮೊದಲು, ಕೊನೆಯ ಸುತ್ತಿನಲ್ಲಿ, ಕೇಳಿಯೇಬಿಟ್ಟೆ. "ಅಂಕಲ್, ಅವತ್ತು ದ್ರಾಕ್ಷಿ ತೋಟದಲ್ಲಿ ನಿಜವಾಗ್ಲೂ ದಾರಿ ತಪ್ಪಿತ್ತಾ?"

ಕಿಟಕಿಯಿಂದ ನನ್ನ ಕಡೆ ತಿರುಗಿದರು. "ಗಾಡಿ ಯಾರು ಓಡಿಸ್ತಿದ್ರು?"

"ನಾನೇ."

"ಹಾಗಾದ್ರೆ ತಪ್ಪಿರಲ್ಲ ಬಿಡಿ. ನೀವು ಚೆನ್ನಾಗಿ ಓಡಿಸ್ತೀರಿ. ಯಾರು ಕಲಿಸಿದ್ದು?"

ಹೇಳಿದೆ. ನಂಬಲಿಲ್ಲವೆಂದು ಕಾಣುತ್ತದೆ, ಸುಮ್ಮನೆ ನಕ್ಕು, ಮುಂದಿನ ಸಿಗ್ನಲ್ಲಿಗೆ ಕಾಲು ಒತ್ತಿದರು.