ಎರಡು ಮೋಟಾರಿನ ಆಟ

ಅವಳು ಮಾಡುತ್ತಿದ್ದ ವಿಡಿಯೋ ಗೇಮಿನಲ್ಲಿ ಚಿತ್ರವೇ ಇರಲಿಲ್ಲ. ಟೀವಿ ಕಪ್ಪಗೆ ಕೂತಿರುತ್ತಿತ್ತು. ಕೈಯಲ್ಲಿ ಹಿಡಿದ ಕಂಟ್ರೋಲರಿನ ಎಡಕ್ಕೊಂದು, ಬಲಕ್ಕೊಂದು ಪುಟ್ಟ ಮೋಟಾರು. ಅವು ನಡುಗುವ ಬಗೆಯಿಂದಲೇ ಕೆಟ್ಟ ಇಂಜಿನ್ನಿನ ರೋಗ ಎಲ್ಲಿದೆ ಎಂದು ಹುಡುಕಬೇಕು. ಇದನ್ನು ಯಾರು ಆಡುತ್ತಾರೆ ಎಂದು ನಗಬೇಡಿ. ಅವಳಪ್ಪ ಮೂವತ್ತು ವರ್ಷ ಬಸ್ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿದ್ದವನು. ಕಣ್ಣು ಹೋದ ಮೇಲೆ ಕುರ್ಚಿಗೆ ಅಂಟಿಕೊಂಡು ಮಾತನ್ನೂ ಬಿಟ್ಟಿದ್ದ. ಮೊದಲ ಸಲ ಕಂಟ್ರೋಲರ್ ಹಿಡಿದಾಗ, "ಮೂರನೇ ಸಿಲಿಂಡರ್ ಹೊಡ್ಕೋತಿದೆ ಕಣೇ" ಎಂದ. ಸರಿಯಾಗಿಯೇ ಇತ್ತು. ಅಂದು ಎರಡನೇ ಸಲ ಬಡಿಸಿಕೊಂಡು ಉಂಡ. ಅಪ್ಪನಂಥವರ ಕೈಗೆಲ್ಲ ಇದು ಸಿಗಬೇಕು ಎಂಬ ಹುಚ್ಚು ಅವಳಿಗೆ ಹಿಡಿದದ್ದು ಅಂದಿನಿಂದ.

ಟೀವಿಗೆ ಜೋಡಿಸಿ ಆಡುವ ಕನ್ಸೋಲ್ ತಯಾರಿಸುವ ಕಂಪನಿ ಅವಳಿಗೆ ಪರೀಕ್ಷೆಯ ಯಂತ್ರವೊಂದನ್ನು ಎರವಲು ಕೊಟ್ಟಿತು. ಜೊತೆಗೆ ಸಹಾಯಕ್ಕೊಬ್ಬ ಇಂಜಿನಿಯರ್. ಅವಳು ಕೋಡಿನಲ್ಲಿ ಸಿಕ್ಕಿಹಾಕಿಕೊಂಡಾಗಲೆಲ್ಲ ಅವನ ಉತ್ತರ ಮಧ್ಯಾಹ್ನದೊಳಗೆ ಬರುತ್ತಿತ್ತು. ಬಾಯ್ತುಂಬ ಅಕ್ಕ ಎನ್ನುತ್ತಿದ್ದ. ಇದನ್ನು ಮೊಬೈಲಿಗೂ ತರಲೇ ಎಂದು ಅವಳು ಕೇಳಿದಾಗ, "ಬೇಡ ಅಕ್ಕ. ಅದರಲ್ಲಿರೋದು ಒಂದೇ ಮೋಟಾರು, ಬರೀ ಗುರ್ ಅನ್ನುತ್ತೆ. ನಮ್ಮ ಯಂತ್ರಕ್ಕೇ ಅಂತ ಮಾಡಿ, ಆನ್‌ಲೈನ್ ಅಂಗಡೀಲಿ ಮೊದಲ ಪುಟಕ್ಕೇ ಹಾಕಿಸ್ತೀನಿ" ಎಂದ. ಅವಳು ಮೊಬೈಲಿನ ಆಸೆ ಬಿಟ್ಟಳು. ಎರಡು ವರ್ಷ ಆ ಎರಡು ಮೋಟಾರುಗಳಿಗೇ ಮುಡಿಪಾಯಿತು.

ಒಂದು ಭಾನುವಾರ ಅವನು ಮನೆಗೂ ಬಂದ. ಅಪ್ಪನ ಪಕ್ಕ ಕೂತು ಐದು ಆಟ ಆಡಿ ಐದನ್ನೂ ಸೋತ.

"ಇಂಥ ಕಂಟ್ರೋಲರ್ ಮುಂದಕ್ಕೂ ಸಿಗುತ್ತೇನಪ್ಪಾ?" ಎಂದು ಅಪ್ಪ ಅವನ ಕೈ ಹಿಡಿದು ಕೇಳಿದ.

"ಸಿಗದೆ ಎಲ್ಲಿ ಹೋಗುತ್ತೆ ಸರ್" ಎಂದು ಅವನು ನಕ್ಕ.

ಅದಾಗಿ ನಾಲ್ಕು ತಿಂಗಳಿಗೆ, ಆಟ ಇನ್ನೇನು ಮುಗಿಯಿತು ಎನ್ನುವಾಗ, ಕಂಪನಿಯ ಸುತ್ತೋಲೆ ಬಂತು. ಹೊಸ ಕಂಟ್ರೋಲರಿಗೆ ಒಂದೇ ಮೋಟಾರು. ಹಳೆಯದನ್ನು ಇನ್ನು ತಯಾರಿಸುವುದಿಲ್ಲ. ಹೊಸದರಲ್ಲಿ ನಡೆಯದ ಆಟಕ್ಕೆ ಅಂಗಡಿಯಲ್ಲಿ ಜಾಗವಿಲ್ಲ. ಎರವಲು ಯಂತ್ರಗಳನ್ನು ಶುಕ್ರವಾರದೊಳಗೆ ಹಿಂದಿರುಗಿಸಬೇಕು. ಅವಳು ಇಂಜಿನಿಯರಿಗೆ ಫೋನ್ ಮಾಡಿದಳು.

"ನಿನಗಿದು ಯಾವಾಗಿಂದ ಗೊತ್ತು?"

"ಅಕ್ಕ, ಹೊಸದಕ್ಕೆ ಹೊಂದಿಸೋಣ. ನಾನೇ ಜೊತೇಲಿ ಕೂತ್ಕೊಂಡು..."

"ಯಾವಾಗಿಂದ?"

"ಹತ್ತು ತಿಂಗಳಾಯ್ತು. ಹೇಳೋ ಹಾಗಿರಲಿಲ್ಲ ಅಕ್ಕ, ಸಹಿ ಹಾಕಿಸ್ಕೊಂಡಿದ್ರು."

ಕಂಪನಿಯ ಮಾತು ಹೋಗಲಿ, ಕಂಪನಿಗೆಲ್ಲಿಯ ಕರುಳು. ಆದರೆ ಇವನು ಅವರ ಮನೆಯ ಚಹಾ ಕುಡಿಯುವಾಗಲೂ ಎಲ್ಲ ಗೊತ್ತಿದ್ದವನು. ಗುಟ್ಟು ಬಿಟ್ಟುಕೊಡುವುದು ಬೇಡ, "ಸ್ವಲ್ಪ ನಿಧಾನಿಸಿ ಅಕ್ಕ" ಎಂದಿದ್ದರೂ ಸಾಕಿತ್ತು. ನಂಬಿಸಿ ಕತ್ತು ಕೊಯ್ದ ಎಂದು ಅವಳು ಅಡುಗೆಮನೆಯಲ್ಲಿ ನಿಂತು ಅತ್ತಳು.

ಅಪ್ಪನಿಗೆ ಹೇಳಲು ಎರಡು ದಿನ ಬೇಕಾಯಿತು. ಅವನು ಆಟ ನಿಲ್ಲಿಸಿ ಕೇಳಿಸಿಕೊಂಡ.

"ನಂಗೆ ಅವತ್ತೇ ಗೊತ್ತಾಯ್ತು. ಮುಂದಕ್ಕೂ ಸಿಗುತ್ತಾ ಅಂತ ಕೇಳ್ದಾಗ ಅವನ ಕೈ ನನ್ನ ಕೈಲಿತ್ತು. ನಡುಗ್ತು."

"ಮತ್ತೆ ಯಾಕಪ್ಪಾ ಹೇಳ್ಲಿಲ್ಲ?"

ಅಪ್ಪ ಕಂಟ್ರೋಲರಿನ ಎರಡೂ ಬದಿ ಬೆರಳಾಡಿಸಿದ.

"ಹೇಳಿದ್ರೆ ನೀನು ನಿಲ್ಲಿಸ್ಬಿಡ್ತಿದ್ದೆ. ನಂಗೆ ದಿನಾ ಹೊಸ ಇಂಜಿನ್ ಬೇಕಿತ್ತು."

ಈಗ ಅಪ್ಪನ ಮೇಲೆ ಬಂದಷ್ಟು ಸಿಟ್ಟು ಅವಳಿಗೆ ಇಂಜಿನಿಯರನ ಮೇಲೂ ಬಂದಿರಲಿಲ್ಲ. ಪೆಟ್ಟಿಗೆಗೆ ತುಂಬಲೆಂದು ಕಂಟ್ರೋಲರಿಗೆ ಕೈ ಹಾಕಿದಳು. ಅಪ್ಪ ಬಿಡಲಿಲ್ಲ.